ಕುರ್ಚಿ ಮುರಿಯೋ ಸೀನು

ಜತ್ತಿನ ಅಂಬಿಕಾ ಟಾಕೀಜಿನ್ಯಾಗ ಎರಡನೇ ಆಟ.
ಹೀರೋ ಕುರ್ಚಿ ಎತ್ತಿದ,
ಖಳನ ಬೆನ್ನಿಗೆ ಹಾಕಿದ,
ಕುರ್ಚಿ ಹಪ್ಪಳಾತು.
ಮಂದಿ ಸೀಟಿ ಹೊಡದ್ರು.
ನಾ ಒಬ್ಬನ ಕುಂತು ಲೆಕ್ಕಾ ಹಾಕಿದೆ:
ಹಾಲಿವಾಣದ ಕಟಿಗಿ,
ಮೊಳಿ ಇಲ್ಲ, ಸರೇಸ ಇಲ್ಲ,
ನಾಕೂ ಕಾಲಿಗೆ ಮೊದಲ ಗರಗಸ ಆಡ್ಸ್ಯಾರ,
ಎರಡು ನೂಲಿನಷ್ಟು ಉಳಿಸ್ಯಾರ.
ನನ್ನಂಥಾ ಯಾವನೋ ಬಡಿಗ್ಯಾ
ಹಿಂದಿನ ರಾತ್ರಿ ಬೀಡಿ ಸೇದಕೋತ
ಮುರಿಯಾಕಂತ ಮಾಡಿದ ಕುರ್ಚಿ.
ಅವನ ಹೆಸರು ಪರದೆ ಮ್ಯಾಲ ಬರೂದಿಲ್ಲ.

ಮೂವತ್ತು ವರ್ಷ ಇಂಥಾವ ನೋಡೀನಿ.
ಹೊಡತಕ್ಕ ಯಾರೂ ನಗೂದಿಲ್ಲ.
ಹೊಡತ ಬಿದ್ದ ಮ್ಯಾಲ ಒಂದು ಗಳಿಗಿ ಇರತೈತಲ್ಲ,
ಖಳ ಇನ್ನೂ ನಿಂತಿರತಾನ,
ಕಾಲರ್ ಸರಿ ಮಾಡ್ಕೋತಾನ,
ಎಡಕ್ಕ ನೋಡತಾನ, ಬಲಕ್ಕ ನೋಡತಾನ,
ಯಾರಿಗೋ ಬಿತ್ತು ಪಾಪ ಅನ್ನೂ ಹಂಗ,
ಆಮ್ಯಾಲ ನೆಟ್ಟಗ ಬೀಳತಾನ
ಗ್ವಾಡಿಗೆ ಆನಿಸಿಟ್ಟ ಬಾಗಲಾ ಜಾರಿದಂಗ.
ಆ ಗಳಿಗಿ ಅಳತಿ ತಪ್ಪಬಾರದು.
ಸ್ವಲ್ಪ ಉದ್ದಾದ್ರ ಆಕಳಿಕಿ,
ಗಿಡ್ಡಾದ್ರ ಬರೇ ಬಡದಾಟ.

ಇನ್ನೊಂದೈತಿ.
ಗುದ್ದಿದ ಹೀರೋ ಆ ಕಡೆ ತಿರುಗಿ
ತನ್ನ ಮುಷ್ಟಿ ತಾನ ಊದ್ಕೋಬೇಕು,
ಸಣ್ಣಗ 'ಯವ್ವಾ' ಅನಬೇಕು.
ನೋವಾಗದ ಹೀರೋಗ ಕೈ ಮುಗೀಬಹುದು,
ಅವನ್ನ ನೋಡಿ ನಗಾಕ ಹೆಂಗ ಬರತೈತಿ?
ನನ್ನ ಹೆಬ್ಬಟ್ಟಿಗೆ ಸುತ್ತಿಗಿ ಬಿದ್ದಾಗೆಲ್ಲ
ಬಾಜೂಕಿನ ಚಾದಂಗಡಿ ಮೈಬೂಬಿ
ಬಸಿ ಕೆಳಗಿಟ್ಟು ನಗತಾಳ.
ಮೊಳಿಗೆ ಸರಿಯಾಗಿ ಬಿದ್ದಾಗ
ಒಮ್ಮೆನೂ ನಕ್ಕಿಲ್ಲ.

ಆ ರಾತ್ರಿ ಇಂಟರ್ವಲ್ಲಿಗೆ
ಬಾಲ್ಕನಿ ಮೆಟ್ಟಲ ಕೆಳಗ
ಕರವಸ್ತ್ರ ಹಾಸಿದ ಸೀಟಿನ ಸಲುವಾಗಿ
ಉಮದಿಯ ಅಮಸಿದ್ದಗೂ ಪ್ಯಾಟಿಯ ಭಾನುದಾಸಗೂ ಹತ್ತಿತು.
ಮಾತು ಮುಗದು, ತಳ್ಳಾಟ ಮುಗದು,
ಅಮಸಿದ್ದ ಮ್ಯಾನೇಜರನ ಕುರ್ಚಿ ಎತ್ತಿದ.
ನಾ ಮಾಡಿದ್ದು.
ಜಾಲಿ ಕಟಿಗಿ, ಎರಡು ವರ್ಷ ನೆರಳಾಗ ಒಣಗಿಸಿದ್ದು,
ಸಂದಿನ್ಯಾಗ ಇರುವಿ ಹೋಗೂದಿಲ್ಲ.

ಮುರೀಲಿಲ್ಲ ಅದು.
ಭಾನುದಾಸನ ಹೆಗಲು ಮುರೀತು.

ಸಪ್ಪಳ ಸಣ್ಣದು.
ಒಣಗಿದ ತೊಗರಿ ಕಟಿಗಿ
ಮೊಣಕಾಲಿಗೆ ಹಚ್ಚಿ ಮುರಿದಂಗ.
ಪರದೆಯೊಳಗಿನ ಢಿಶುಂ ಎಲ್ಲೂ ಇಲ್ಲ.
ಶೇಂಗಾ ಮಾರೂ ಹುಡಿಗಿ ಬುಟ್ಟಿ ಮ್ಯಾಲ ಅರಿವಿ ಎಳದಳು.
ಅಮಸಿದ್ದ ಕುರ್ಚಿ ಹಿಡಕೊಂಡ ನಿಂತಿದ್ದ,
ಎಲ್ಲಿಡಬೇಕಂತ ತಿಳಿವಲ್ದು ಅವಗ.
ಒಳಗ ಗಂಟಿ ಬಾರಿಸಿದ್ರು,
ಯಾರೂ ಹೋಗಲಿಲ್ಲ.
ಗಟ್ಟಿ ಕೆಲಸ ಮಾಡಿದ್ದಕ್ಕ
ನನಗ ಅವತ್ತ ಮೊದಲ ಸಲ ನಾಚಿಕಿ ಬಂತು.

ಟೆಂಪೋ ತಂದವ ಅಮಸಿದ್ದನ.
ಮಿರಜ ತನಕಾ ಹಿಂದ ಕುಂತು
ಆ ಕೈ ತೊಡಿ ಮ್ಯಾಲ ಇಟಗೊಂಡಿದ್ದನಂತ.

ಹದಿನೆಂಟು ದಿವಸಕ್ಕ ಅದ ಟಾಕೀಜು, ಅದ ಸಿನೆಮಾ.
ನನ್ನ ಮುಂದಿನ ಸಾಲಿನ್ಯಾಗ ಇಬ್ಬರೂ.
ಸಿನೆಮಾ ಮರಾಠಿ, ಅಮಸಿದ್ದಗ ಅರ್ಧ ತಿಳಿಯೂದಿಲ್ಲ.
'ಏನಂದ?'
'ಮಾವನ ಹಲ್ಲಿನ ಸೆಟ್ಟು ಪೊಲೀಸರ ಜೀಪಿನ್ಯಾಗ ಉಳದೈತಂತ.'
'ಮತ್ತ ಈಗ ಏನಂದ?'
'ತಡೀಯಲೇ, ನನಗೂ ಕೇಳಗೊಡು.'
ಕುರ್ಚಿ ಸೀನು ಬಂತು.
ನಾ ಉಸರ ಹಿಡದೆ.
ಹಾಲಿವಾಣ ಹಪ್ಪಳಾತು,
ಖಳ ಕಾಲರ್ ಸರಿ ಮಾಡಿಕೊಂಡ,
ಎಡಕ್ಕ ನೋಡಿದ, ಬಲಕ್ಕ ನೋಡಿದ,

ಭಾನುದಾಸ ನಕ್ಕ.
ನಗಬ್ಯಾಡ ಅಂದಿದ್ದರಂತ ಡಾಕ್ಟರು.
ಪಟ್ಟಿ ಕಟ್ಟಿದ ಹೆಗಲು ಕುಣೀತಿತ್ತು,
'ಆಯೀ ಗಂ' ಅಂತಿದ್ದ, ಮತ್ತ ನಗತಿದ್ದ.
ಕೈ ಅಲುಗದಂಗ ಎರಡೂ ಕೈಲೆ ಹಿಡಕೊಂಡು
ಅಮಸಿದ್ದ ತಲಿ ಬಗ್ಗಿಸಿ ಕುಂತಿದ್ದ.
ಸೀನು ಮುಗದು ಹೀರೋಯಿನ್ ಬಂದು
ಬಾವಿಯಿಂದ ನೀರು ಸೇದುವಾಗ
ಫಕ್ಕನ ನಕ್ಕ ಅವನೂ.
ಮಂದಿ ತಿರುಗಿ ನೋಡಿತು, ನೀರು ಸೇದೂದ್ರಾಗ ಏನೈತಿ ನಗೂದು ಅಂತ.

ಮ್ಯಾನೇಜರ ಆ ಕುರ್ಚಿ ವಾಪಸ್ ಕಳಿಸ್ಯಾನ,
ಕಬ್ಬಿಣದ್ದು ತಂದಾನಂತ.
ಅದರ ಮ್ಯಾಲ ಕುಂತ ಇದನ್ನ ಬರದೀನಿ.
ಇನ್ನೂ ಕಿರ್ ಅಂದಿಲ್ಲ.